ಗೇರುಗುರುತು

ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ.
ಬಂದವರು ಟೀ ಅಂಗಡಿಯಲ್ಲಿ ಕೇಳಿದರೆ ಸಾಕು,
ಹುಡುಗನೊಬ್ಬ ಸೈಕಲ್ಲು ತುಳಿದು ಬಂದು ಕೂಗುತ್ತಾನೆ:
"ಅಕ್ಕಾ, ಮ್ಯೂಸಿಯಮ್ಮಿಗೆ ಗಿರಾಕಿ."

ಒಂದೇ ಕೋಣೆ. ಮೊದಲು ರೇಷನ್ ಗೋದಾಮು.
ಅಕ್ಕಿಮೂಟೆ ಒರಗಿದ ಎತ್ತರಕ್ಕೆ
ಗೋಡೆಯಲ್ಲಿ ಇನ್ನೂ ಮಾಸಲು ಗೆರೆ.
ಬೀರೂರಿನಾಚೆಯ ಈ ಕಾವಲಿನಿಂದ
ಅಮೃತಮಹಲ್ ದನಗಳನ್ನು ಎಬ್ಬಿಸಿ
ಡೇರೆ ಹೊಡೆದಿದ್ದರಂತೆ, ಯುದ್ಧದ ಕಾಲಕ್ಕೆ.
ದನ ಮೇಯುತ್ತಿದ್ದ ಹುಲ್ಲಿನಲ್ಲಿ
ಹದಿನೆಂಟರ ಹುಡುಗರು
ಹೊಟ್ಟೆಯೂರಿ ತೆವಳುವುದನ್ನು ಕಲಿತರಂತೆ.

ಇದು ಮರದ ಬಂದೂಕು. ನಿಜದ್ದು ಸಾಲದೆ ಬಡಗಿ ಕೆತ್ತಿದ್ದು.
ಹಿಡಿಯುವ ಕಡೆ ನುಣ್ಣಗಾಗಿದೆ, ನಮ್ಮಮ್ಮನ ಒನಕೆಯ ಹಾಗೆ.
ಇದು ಸೀಟಿ. ಊದಬೇಡಿ, ಒಳಗಿನ ಕಾಳು ಬಿದ್ದುಹೋಗಿದೆ.
ಇದು ಹಾಜರಿ ಪುಸ್ತಕ. ಗೆದ್ದಲು ತಿಂದು ಬಿಟ್ಟದ್ದು
ರಟ್ಟು, ಮತ್ತು ಎಡಗಡೆಯ ಅಂಚು:
ಒಂದರಿಂದ ಇನ್ನೂರ ಹನ್ನೊಂದರವರೆಗೆ ಸಂಖ್ಯೆಗಳಿವೆ.
ಎದುರಿಗೆ ಯಾರೂ ಇಲ್ಲ.

ಈಗ ಈ ಕಡೆ ಬನ್ನಿ.
ಗಾಜಿನೊಳಗೆ ಮಡಿಸಿಟ್ಟ ಅಂಗಿಗಳು. ಹದಿನೇಳು.
ಇವು ನಮ್ಮ ಮನೆಯವು.
ಅಂದರೆ, ನಮ್ಮವಲ್ಲ.

ತಾತ ಮರುಳಯ್ಯ ಕ್ಯಾಂಪಿನ ಮಡಿವಾಳ.
ಆಗ ಅವನಿಗೂ ಹದಿನೆಂಟೋ ಹತ್ತೊಂಬತ್ತೋ.
ಸೌಳು ಕಲಸಿ, ಉಬ್ಬೆ ಹಾಕಿ, ಹಳ್ಳದ ಬಂಡೆಗೆ ಬಡಿದು
ಸಂಜೆಗೆ ಇದ್ದಿಲ ಪೆಟ್ಟಿಗೆ ಊದುವನು.
ಅಕ್ಷರ ಬಾರದು. ಕರಿಗೇರಿಗೆ ಸೂಜಿ ಚುಚ್ಚಿ
ಕತ್ತುಪಟ್ಟಿಯ ಒಳಮೈಗೆ ಒಂದು ಚುಕ್ಕೆ, ಎರಡು ಗೀಟು,
ಅದೇ ಅವನ ಹಾಜರಿ ಪುಸ್ತಕ.
ಗೇರಿನ ಸೊನೆ ಸಿಡಿದು ಸುಟ್ಟ ಕಲೆ
ಸಾಯುವ ತನಕ ಹೆಬ್ಬೆರಳಲ್ಲಿತ್ತು.
ಹೆಸರು ಕೇಳಲಿಲ್ಲ; ಹೇಳಿದ್ದರೂ ತಿಳಿಯದ ಭಾಷೆ.
ಪರಿಚಯವೆಲ್ಲ ಕೊಳೆಯಿಂದ.

ಮೂರು ಚುಕ್ಕೆಯವನಿಗೆ ಊಟದಲ್ಲಿ ಅವಸರ, ಎದೆತುಂಬ ಸಾರು.
ಅಡ್ಡಗೀಟಿನವನ ಮೊಣಕೈ ಸದಾ ಹಸಿರು,
ತೆವಳುವುದರಲ್ಲಿ ಎಲ್ಲರಿಗಿಂತ ಮುಂದಿದ್ದಿರಬೇಕು.
ಕುಡುಗೋಲು ಗುರುತಿನವನು ಜೇಬಿನಲ್ಲಿ ಕಾಗದ ಮರೆಯುವನು.
ತಾತ ಬಿಸಿಲಿಗೆ ಹರಡಿ, ಒಣಗಿಸಿ, ತಿರುಗಿ ಕೊಡುವನು:
ಶಾಯಿ ಹರಿದು ಬರೀ ನೀಲಿ ಮೋಡ.
ಒಬ್ಬನದು ಮಾತ್ರ ಬಲತೋಳಿನ ತುದಿ
ಉಪ್ಪುಗಟ್ಟಿ ಬಿರುಸಾಗಿರುತ್ತಿತ್ತಂತೆ.
"ಬೆವರಲ್ಲ. ಬೆವರು ಬೆನ್ನಿಗೆ ಕೂರುತ್ತೆ," ಅಂದಿದ್ದ ತಾತ.
ಅಷ್ಟೇ ಅಂದದ್ದು.

ಬುಧವಾರ ಒಗೆಯಲು ಕೊಟ್ಟರು.
ಗುರುವಾರ ರಾತ್ರಿ ರೈಲು ಬಂತು, ದೀಪವಿಲ್ಲದೆ.
ಶುಕ್ರವಾರ ಗಂಜಿ ಹಾಕಿದ ಗಂಟು ಹೊತ್ತು ಹೋದರೆ
ಕಾವಲಿನ ತುಂಬ ಗೂಟ ಕಿತ್ತ ಗುಳಿಗಳು.
ಒಂದು ಕರು ಆಗಲೇ ಬಂದು ಮೂಸುತ್ತಿತ್ತು.

ಅಗಸರ ಮಕ್ಕಳು ಊರವರ ಬಟ್ಟೆ ಉಡುತ್ತಾರೆಂದು
ಊರು ಆಡಿಕೊಳ್ಳುತ್ತದೆ. ಉಟ್ಟಿದ್ದೇವೆ, ಸುಳ್ಳಲ್ಲ.
ಇವನ್ನು ಯಾರೂ ಉಡಲಿಲ್ಲ.
ನಮ್ಮಪ್ಪ ಬರಿಮೈಯಲ್ಲಿ ಶಾಲೆಗೆ ಹೋದ ವರ್ಷವೂ.
ಅಜ್ಜಿ ಅತ್ತಳು, ಬೈದಳು, ಪಾತ್ರೆ ಎಸೆದಳು.
ಬೇಸಿಗೆಗೊಮ್ಮೆ ಗಂಟು ಬಿಚ್ಚಿ, ಒಗೆದು, ಇಸ್ತ್ರಿ ತೀಡಿ
ಮತ್ತೆ ಅಟ್ಟಕ್ಕೆ. ಐವತ್ತು ಬೇಸಿಗೆ.

ಡ್ರಿಲ್ ಮೇಷ್ಟ್ರು ಜಬ್ಬಾರ್ ಸಾಹೇಬರು
ಮ್ಯೂಸಿಯಂ ಮಾಡುತ್ತೇನೆಂದು ಅಂಗಿ ಕೇಳಲು ಬಂದಾಗ
ತಾತ ತೆಗೆದದ್ದು ಒಂದೇ ಮಾತು: ಒಗೆತದ ಬಾಕಿ.
ಅಂಗಿಗೆ ಅರ್ಧಾಣೆ. ಹದಿನೇಳಕ್ಕೆ ಎಂಟೂವರೆ ಆಣೆ.
ಸಾಹೇಬರು ನಕ್ಕು ನೂರರ ನೋಟು ಚಾಚಿದರು.
ಮುಟ್ಟಲಿಲ್ಲ.
"ಕೊಡಬೇಕಾದವರು ನೀವಲ್ಲ ಸ್ವಾಮಿ.
ಬಾಕಿ ಅಂತ ಬರಕೊಳ್ಳಿ, ಸಾಕು."

ಅದಕ್ಕೇ ಚೀಟಿ ಹೀಗಿದೆ, ಓದಿ:
'ಅಂಗಿ, ಹದಿನೇಳು. ಒಗೆದದ್ದು. ಬಾಕಿ ಎಂಟೂವರೆ ಆಣೆ.'
ಜಿಲ್ಲಾ ಕಚೇರಿಯವರು ಬಂದು, ಇದು ಪದ್ಧತಿಯಲ್ಲ, ತೆಗೆಯಿರಿ ಎಂದರು.
ಆಯಿತು ಎಂದೆ.
ಎರಡು ವರ್ಷವಾಯಿತು ಹಾಗೆಂದು.

ಈಗ ಒಗೆಯುವ ಹಾಗಿಲ್ಲ. ಧೂಳೂ ದಾಖಲೆಯಂತೆ.
ವರ್ಷಕ್ಕೊಮ್ಮೆ ಗಾಜು ಸರಿಸಿ
ಕತ್ತುಪಟ್ಟಿ ಮಗುಚಿ ಎಣಿಸುತ್ತೇನೆ, ಚುಕ್ಕೆ, ಗೀಟು, ಕುಡುಗೋಲು.
ಅಂಗಿ ಹಳದಿಗೆ ತಿರುಗಿದೆ. ಗೇರು ಇನ್ನೂ ಕಪ್ಪು.

ಉಪ್ಪಿನ ತೋಳು ಯಾವುದು ಎಂದು
ಬಂದವರೆಲ್ಲ ಕೇಳುತ್ತಾರೆ, ನೀವೂ ಕೇಳುತ್ತೀರಿ.
ಗೊತ್ತಿಲ್ಲ.
ತಾತ ಚೆನ್ನಾಗಿ ಒಗೆಯುತ್ತಿದ್ದ.